ಗೋಳಗುಮ್ಮಟವನ್ನು ಲೆಗೊದಲ್ಲಿ ಕಟ್ಟಬೇಕು: ಗುಮ್ಮಟ ಕೂರಿಸೋದು ಹೇಗೆ?

ಗುಮ್ಮಟದೂರಿನವ

ಎಲ್ಲರಿಗೂ ನಮಸ್ಕಾರ. ವಿಜಯಪುರದವನು, ಬ್ಯಾಂಕ್ ಕೆಲಸ, ವಯಸ್ಸು ನಲವತ್ತು ದಾಟಿದೆ. ಮಗಳಿಗೆ ತಂದ ಲೆಗೊ ಡಬ್ಬಿ ಈಗ ನನ್ನ ಪಾಲಾಗಿದೆ. ಅವಳಿಗೆ ಕ್ರಿಕೆಟ್ ಹುಚ್ಚು ಹಿಡಿಯಿತು, ನನಗೆ ಇದು.

ಡಬ್ಬಿಯ ಜೊತೆ ಬರುವ ಪುಸ್ತಕ ನೋಡಿ ಕಟ್ಟಿದ್ದು ಸಾಕಾಗಿದೆ. ಈಗ ಸ್ವಂತದ್ದು ಮಾಡುವ ಆಸೆ. ನಮ್ಮೂರಲ್ಲಿ ಹುಟ್ಟಿದವನು ಇನ್ನೇನು ಕಟ್ಟಬೇಕು ಹೇಳಿ? ಗೋಳಗುಮ್ಮಟ.

ಲೆಕ್ಕ ಹಾಕಿದ್ದೇನೆ. ಒಂದು ಸ್ಟಡ್, ಅಂದರೆ ಪೀಸಿನ ಮೇಲಿನ ಒಂದು ಗುಂಡಿಯ ಜಾಗ, 8 ಮಿಲಿಮೀಟರ್. ಅದನ್ನು ಒಂದು ಮೀಟರ್ ಅಂತ ಹಿಡಿದರೆ 1:125 ಅಳತೆ ಆಗುತ್ತದೆ. ಕಟ್ಟಡದ ಹೊರಗೋಡೆ ಒಂದು ಕಡೆಗೆ ಸುಮಾರು 47.5 ಮೀಟರ್. ಅಂಗಡಿಯಲ್ಲಿ ಸಿಗುವ ದೊಡ್ಡ ಬೇಸ್‌ಪ್ಲೇಟ್, ಅಂದರೆ ಅಡಿಗೆ ಹಾಕುವ ಹಲಗೆ, ಒಂದು ಕಡೆಗೆ 48 ಸ್ಟಡ್. ನಮ್ಮ ಆದಿಲ್ ಶಾಹಿ ಮೇಸ್ತ್ರಿಗಳು ಇದಕ್ಕೆಂದೇ ಅಳತೆ ಇಟ್ಟ ಹಾಗಿದೆ! ಆದರೆ ಮೂಲೆಯ ನಾಲ್ಕು ಗೋಪುರಗಳು ಪ್ಲೇಟಿನಿಂದ ಹೊರಗೆ ಚಾಚುತ್ತವೆ, ಅದು ಬೇರೆ ಮಾತು. ಗುಮ್ಮಟದ ಹೊರ ವ್ಯಾಸ 44 ಮೀಟರ್, ಅಂದರೆ 44 ಸ್ಟಡ್. ಒಟ್ಟು ಎತ್ತರ 51 ಮೀಟರ್. ಒಂದು ಇಟ್ಟಿಗೆ 9.6 ಮಿಲಿಮೀಟರ್ ಎತ್ತರ ಇರುವುದರಿಂದ 42 ಇಟ್ಟಿಗೆಯಷ್ಟು.

ನನ್ನ ತೊಡಕುಗಳು ಇವು. ಚೌಕದ ಪೀಸಿನಿಂದ ಇಷ್ಟು ದೊಡ್ಡ ಗುಮ್ಮಟ ಹೇಗೆ? ಎಂಟು ಮೂಲೆಯ ಗೋಪುರ ಹೇಗೆ? ಯಾವ ಬಣ್ಣ? ಆಮೇಲೆ ದುಡ್ಡು. ಗೊತ್ತಿದ್ದವರು ಹೇಳಿ.

ಪ್ಲೇಟ್‌ಪ್ರಿಯ

ಸರ್, ಮೊದಲು ಒಂದೂ ಪೀಸ್ ಕೊಳ್ಳಬೇಡಿ. ಕಂಪ್ಯೂಟರಿನಲ್ಲಿ ಕಟ್ಟಿ. ಲೆಗೊ ಪೀಸುಗಳನ್ನು ಬಿಡಿಬಿಡಿಯಾಗಿ ಮಾರುವ ಬ್ರಿಕ್‌ಲಿಂಕ್ ಜಾಲತಾಣದ ಸ್ಟುಡಿಯೋ ಅನ್ನುವ ಸಾಫ್ಟ್‌ವೇರ್ ಉಚಿತ. ಯಾವ ಪೀಸ್ ಯಾವ ಬಣ್ಣದಲ್ಲಿ ಬಂದಿದೆ, ಬಂದಿಲ್ಲ ಅಂತ ಅದೇ ಹೇಳುತ್ತದೆ. ಕೊನೆಗೆ ಪಟ್ಟಿಯನ್ನೂ ಕೊಡುತ್ತದೆ.

ಇಂಥ ಸಾಫ್ಟ್‌ವೇರುಗಳ ಹಿಂದಿರುವ ಕಥೆ ಚೆನ್ನಾಗಿದೆ. 1995ರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ ಎಲ್‌ಡ್ರಾ ಅನ್ನುವ ಪ್ರೋಗ್ರಾಂ ಬರೆದರು. ಲೆಗೊ ಪೀಸುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದಕ್ಕೆ, ಪುಕ್ಕಟೆಯಾಗಿ. ಎರಡೇ ವರ್ಷದಲ್ಲಿ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಹವ್ಯಾಸಿಗಳು ಅದನ್ನು ಬಿಡಲಿಲ್ಲ. ಒಂದೊಂದೇ ಪೀಸಿನ ನಕ್ಷೆ ಸೇರಿಸುತ್ತಾ ಹೋದರು. ಜೆಸ್ಸಿಮನ್ ಶುರುಮಾಡಿದ ಆ ಪೀಸುಗಳ ಭಂಡಾರ ಇವತ್ತಿಗೂ ಬಳಕೆಯಲ್ಲಿದೆ.

ಇನ್ನು ಅಳತೆ. 48 ಸ್ಟಡ್ ಅಂದರೆ ಜಾಸ್ತಿ ಆಯಿತು. ಒಂದು ಸ್ಟಡ್‌ಗೆ ಎರಡು ಮೀಟರ್ ಹಿಡಿಯಿರಿ. ಗೋಡೆ 24 ಸ್ಟಡ್, ಗುಮ್ಮಟ 22, ಎತ್ತರ 21 ಇಟ್ಟಿಗೆ. ಅಳತೆ ಅರ್ಧ ಆದರೆ ಗೋಡೆಗೆ ಬೇಕಾಗುವ ಪೀಸ್ ಅರ್ಧ ಅಲ್ಲ, ಹೆಚ್ಚುಕಮ್ಮಿ ಕಾಲು ಭಾಗ. ಜೇಬಿಗೆ ಅದೇ ದೊಡ್ಡ ವ್ಯತ್ಯಾಸ.

ಸುಮ್ನೆ ಓದೋನು

ತಪ್ಪು ತಿಳಿಯಬೇಡಿ. ಮಕ್ಕಳ ಆಟದ ಸಾಮಾನಿಗೆ ಸಾವಿರಗಟ್ಟಲೆ ಸುರಿಯೋದು ಯಾಕೆ? ಗೋಳಗುಮ್ಮಟ ಬೇಕಿದ್ದರೆ ಥರ್ಮಾಕೋಲ್‌ನಲ್ಲಿ ಮಾಡಿ. ಶಾಲೆಯಲ್ಲಿ ಎಲ್ಲರೂ ಮಾಡಿದವರೇ ಅಲ್ವಾ?

ಯಲ್ಲಾಪುರದಾಕೆ

ಥರ್ಮಾಕೋಲ್‌ನಲ್ಲಿ ಬೇಕಾದ ಆಕಾರಕ್ಕೆ ಕೊಯ್ಯಬಹುದು. ಅದಕ್ಕೇ ಅದರಲ್ಲಿ ನನಗೆ ಆಸಕ್ತಿ ಇಲ್ಲ. ಇಲ್ಲಿ ಕೊಯ್ಯೋ ಹಾಗಿಲ್ಲ, ಅಂಟು ಹಚ್ಚೋ ಹಾಗಿಲ್ಲ. ಇರುವ ಪೀಸಿನಲ್ಲೇ ಇಲ್ಲದ ಆಕಾರ ಹುಡುಕಬೇಕು. ರಾತ್ರಿ ಪಾತ್ರೆ ತೊಳೆದು ಮುಗಿಸಿ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ ಕೇಳಿ. ಎರಡು ಬೈ ನಾಲ್ಕು ಸ್ಟಡ್‌ನ, ಒಂದೇ ಬಣ್ಣದ ಆರು ಇಟ್ಟಿಗೆ ತೆಗೆದುಕೊಳ್ಳಿ. ಎಷ್ಟು ಥರ ಜೋಡಿಸಬಹುದು? 91,51,03,765 ಥರ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೊರೆನ್ ಐಲರ್ಸ್ ಕಂಪ್ಯೂಟರ್ ಓಡಿಸಿ ಎಣಿಸಿದ್ದು. ಅದಕ್ಕೆ ಮೊದಲು ಎಷ್ಟೋ ವರ್ಷ ಹತ್ತು ಕೋಟಿ ಚಿಲ್ಲರೆ ಅಂತ ಹೇಳುತ್ತಿದ್ದರು. ಆ ಲೆಕ್ಕದಲ್ಲಿ ಆರು ಅಂತಸ್ತು ಏರಿಸುವ ಜೋಡಣೆ ಮಾತ್ರ ಇತ್ತು. ಒಂದೇ ಅಂತಸ್ತಿನಲ್ಲಿ ಎರಡು ಮೂರು ಇಟ್ಟಿಗೆ ಕೂರುವ ಜೋಡಣೆಗಳನ್ನೆಲ್ಲ ಬಿಟ್ಟಿದ್ದರು. ಆರೇ ಇಟ್ಟಿಗೆಗೆ ಇಷ್ಟು!

ಮಕ್ಕಳ ಸಾಮಾನು ಅನ್ನೋ ಮಾತಿಗೆ ಇನ್ನೊಂದು ಉತ್ತರ. ಕಂಪನಿಯೇ 2020ರಿಂದ ದೊಡ್ಡವರ ಡಬ್ಬಿಗಳನ್ನು ಕಪ್ಪು ಬಣ್ಣದಲ್ಲಿ, 18+ ಅಂತ ಮುದ್ರಿಸಿ ಮಾರುತ್ತಿದೆ. 2022ರಲ್ಲಿ ಬಂದ ಐಫೆಲ್ ಟವರ್ 10,001 ಪೀಸ್. ಅದನ್ನು ಎಂಟು ವರ್ಷದ ಮಗುವಿಗೆ ಅಂತ ಮಾಡಿಲ್ಲ.

ಸುಮ್ನೆ ಓದೋನು

ಆ ಐಫೆಲ್ ಟವರ್ ಬೆಲೆ ನೋಡಿ ಬಂದೆ. ನನ್ನ ಮೊದಲ ಬೈಕಿಗಿಂತ ಜಾಸ್ತಿ. ನೀವು ಮುಂದುವರಿಸಿ.

ಹಳೇ ಮೆಕ್ಯಾನಿಕ್ಸ್

ಬೆಲೆಗೆ ಕಾರಣ ಕಂಪನಿ ಒಂದೇ ಅಲ್ಲ. ಆಟಿಕೆಗಳ ಮೇಲಿನ ಆಮದು ಸುಂಕ ಮೊದಲು 20% ಇತ್ತು. 2020ರ ಬಜೆಟ್‌ನಲ್ಲಿ 60% ಆಯಿತು. 2023ರಲ್ಲಿ 70%. ಮೇಲೆ 2021ರ ಜನವರಿಯಿಂದ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು ಇಲ್ಲದ ಆಟಿಕೆ ಮಾರುವಂತಿಲ್ಲ. ಇಲ್ಲಿನ ಆಟಿಕೆ ತಯಾರಕರಿಗೆ ಅನುಕೂಲವಾಯಿತು, ಸರಿ. ಹವ್ಯಾಸಿಗೆ ಹೊರೆಯಾಯಿತು, ಅದೂ ಸರಿ.

ನಮ್ಮ ಕಾಲದಲ್ಲಿ ಈ ತಲೆನೋವು ಇರಲಿಲ್ಲ. ಲೆಗೊ ನೋಡಿದ್ದೇ ಇಲ್ಲ. ಮೆಕ್ಯಾನಿಕ್ಸ್ ಇತ್ತು: ತೂತಿನ ಪಟ್ಟಿ, ನಟ್ಟು, ಬೋಲ್ಟು, ಪುಟ್ಟ ಸ್ಪ್ಯಾನರ್. ಕ್ರೇನ್ ಕಟ್ಟಿ ಮಂಚದ ಕೆಳಗಿನಿಂದ ಚಪ್ಪಲಿ ಎತ್ತುತ್ತಿದ್ದೆವು. ನಿವೃತ್ತಿಯಾದ ಮೇಲೆ ಮಗ ಕೊಡಿಸಿದ ಒಂದು ಟೆಕ್ನಿಕ್ (ಗೇರುಗಳಿರುವ ಲೆಗೊ) ಕಾರಿನಿಂದ ನಾನೂ ಇತ್ತ ಬಂದೆ. ಗೇರ್‌ಬಾಕ್ಸ್ ನಿಜವಾಗಿ ಕೆಲಸ ಮಾಡುತ್ತದೆ, ನೋಡಿ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ತೋರಿಸಬೇಕು.

ಬೆಲೆ ಹೆಚ್ಚಾಯಿತು ಅಂದರೆ ಬೇರೆ ಕಂಪನಿಯವು ತೆಗೆದುಕೊಳ್ಳಿ. ನನಗೆ ಅದರಲ್ಲಿ ಮಡಿವಂತಿಕೆ ಇಲ್ಲ.

ಪ್ಲೇಟ್‌ಪ್ರಿಯ

ನನಗೆ ಇದೆ ಸರ್! ಅಗ್ಗದ ಪೀಸ್ ಸೇರಿಸಿದರೆ ಗೋಡೆ ನೇರ ನಿಲ್ಲುವುದಿಲ್ಲ. ಕೆಲವು ಸಡಿಲ, ಕೆಲವು ಬಿಡಿಸಿದರೂ ಬಿಡವು. ಒಂದು ಇಟ್ಟಿಗೆಯಲ್ಲಿ ಕೂದಲೆಳೆ ವ್ಯತ್ಯಾಸ ಇದ್ದರೆ ಪರವಾಗಿಲ್ಲ. ಇಪ್ಪತ್ತು ಇಟ್ಟಿಗೆ ಸಾಲಾಗಿ ಇಟ್ಟಾಗ ಅದು ಕೂಡಿಕೊಂಡು ಕಣ್ಣಿಗೆ ಹೊಡೆಯುತ್ತದೆ. 1958ರಲ್ಲಿ ಮಾಡಿದ ಲೆಗೊ ಇಟ್ಟಿಗೆಗೆ ಇವತ್ತಿನದ್ದು ಸಿಕ್ಕಿಸಿದರೆ ಕಚ್ಚಿಕೊಳ್ಳುತ್ತದೆ. ದುಡ್ಡು ಕೊಡುವುದು ಆ ಅಚ್ಚಿನ ನಿಖರತೆಗೆ.

ತುಂಡು ಹೆಕ್ಕುವವ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುಮ್ನೆ "ಡುಪ್ಲಿಕೇಟ್" ಅಂದುಬಿಡೋದು ಸರಿಯಲ್ಲ.

ಒಳಗೆ ಕೊಳವೆ ಇರುವ ಇಟ್ಟಿಗೆಗೆ ಡೆನ್ಮಾರ್ಕ್‌ನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಮೇಲೆ ಗುಂಡಿ, ಕೆಳಗೆ ಕೊಳವೆ. ಗುಂಡಿ ಹೋಗಿ ಕೊಳವೆ ಮತ್ತು ಗೋಡೆಯ ನಡುವೆ ಬಿಗಿಯಾಗಿ ಕೂರುತ್ತದೆ. ಕೊಳವೆ ಬರುವ ಮೊದಲಿನ ಇಟ್ಟಿಗೆಗಳು ಟೊಳ್ಳು. ಸ್ವಲ್ಪ ಅಲುಗಾಡಿದರೆ ಬಿದ್ದುಬಿಡುತ್ತಿದ್ದವು. ಆ ಪೇಟೆಂಟಿನ ಅವಧಿ ಎಂದೋ ಮುಗಿದಿದೆ. ಆಮೇಲೆ ಕಂಪನಿ ಇಟ್ಟಿಗೆಯ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಲು ನೋಡಿತು. 2005ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2010ರಲ್ಲಿ ಐರೋಪ್ಯ ನ್ಯಾಯಾಲಯವೂ ಒಪ್ಪಲಿಲ್ಲ. ಕೆಲಸಕ್ಕೆ ಬೇಕಾದ ಆಕಾರವನ್ನು ಒಬ್ಬರೇ ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುವಂತಿಲ್ಲ ಅನ್ನೋದು ಅದರ ಸಾರ.

ಹಾಗಾಗಿ ಬೇರೆಯವರು ಇಟ್ಟಿಗೆ ಮಾಡುವುದು ಕಳ್ಳತನ ಅಲ್ಲ. ಬೇರೆಯವರ ಡಬ್ಬಿಯ ವಿನ್ಯಾಸವನ್ನೇ ಕದ್ದು, ಚಿತ್ರ ಸಮೇತ ಮಾರಿದರೆ ಅದು ಕಳ್ಳತನ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಒಳಗಿನ ಕಾಣದ ಗೋಡೆಗೆ ಬೇರೆ ಕಂಪನಿಯದ್ದು, ಹೊರಗೆ ಕಾಣುವುದಕ್ಕೆ ಲೆಗೊ. ನಾನು ಮಾಡೋದು ಹೀಗೆ.

ಪ್ಲೇಟ್‌ಪ್ರಿಯ

ಒಳಗಿನ ಗೋಡೆ ಸಡಿಲವಾದರೆ ಹೊರಗಿನದ್ದೂ ಹೋಯಿತಲ್ಲ ಅಣ್ಣ. ಇರಲಿ, ನಾವಿಬ್ಬರೂ ಇದರಲ್ಲಿ ಒಪ್ಪುವುದಿಲ್ಲ. ಗುಮ್ಮಟಕ್ಕೆ ಬರೋಣ.

ಗೋಳ ಕಟ್ಟಲು ಎರಡು ದಾರಿ. ಮೊದಲನೆಯದು ಉಂಗುರದ ಮೇಲೆ ಉಂಗುರ ಇಡೋದು, ಪ್ರತಿ ಸುತ್ತೂ ಸ್ವಲ್ಪ ಚಿಕ್ಕದು. ಸುಲಭ. ಆದರೆ ಮೇಲಕ್ಕೆ ಹೋದಂತೆ ಮೆಟ್ಟಿಲು ಅಗಲವಾಗಿ ಗುಮ್ಮಟದ ನೆತ್ತಿ ಚಪ್ಪಟೆ ಕಾಣುತ್ತದೆ, ಸ್ಟಡ್ ಎಲ್ಲ ಆಕಾಶ ನೋಡುತ್ತಿರುತ್ತವೆ.

ಎರಡನೆಯದು ಲೊವೆಲ್ ಗೋಳ. ಅಮೆರಿಕದ ಹವ್ಯಾಸಿ ಬ್ರೂಸ್ ಲೊವೆಲ್ ಹೆಸರಿನಿಂದ ಕರೆಯುತ್ತಾರೆ. ನಡುವೆ ಒಂದು ಘನ. ಅದರ ಆರೂ ಮುಖಕ್ಕೆ ಆರು ಫಲಕ. ಪ್ರತಿ ಫಲಕವೂ ಹೊರಮುಖವಾಗಿ ಪ್ಲೇಟ್ (ಇಟ್ಟಿಗೆಯ ಮೂರನೇ ಒಂದರಷ್ಟು ದಪ್ಪದ ಪೀಸ್) ಮೇಲೆ ಪ್ಲೇಟ್ ಪೇರಿಸಿದ್ದು. ಯಾವ ಕಡೆಯಿಂದ ನೋಡಿದರೂ ಮೆಟ್ಟಿಲು ಒಂದೇ ಥರ ಕಾಣುತ್ತದೆ. ಅದಕ್ಕೇ ಕಣ್ಣು ಅದನ್ನು ಗುಂಡು ಅಂತ ಒಪ್ಪುತ್ತದೆ.

ನಿಮ್ಮ ಗುಮ್ಮಟ ಅರ್ಧ ಗೋಳ. 22 ಸ್ಟಡ್ ವ್ಯಾಸಕ್ಕೆ ನಡುವಿನ ಘನ 12 ಸ್ಟಡ್ ಇರಲಿ. ಅರ್ಧ ಗೋಳಕ್ಕೆ ಘನದ ಮೇಲಿನ ಅರ್ಧ ಸಾಕು, ಅಂದರೆ 6 ಸ್ಟಡ್ ಎತ್ತರ. ಇಲ್ಲೇ ಮಜಾ ಇರೋದು. 6 ಸ್ಟಡ್ ಅಂದರೆ 48 ಮಿಲಿಮೀಟರ್. 5 ಇಟ್ಟಿಗೆ ಎತ್ತರವೂ 48 ಮಿಲಿಮೀಟರ್! ಒಂಚೂರೂ ಸಂದಿಲ್ಲದೆ ಕೂರುತ್ತದೆ. ನಾಲ್ಕು ಬದಿಗೆ, ಮೇಲೊಂದು, ಒಟ್ಟು ಐದು ಫಲಕ. ಪಕ್ಕಕ್ಕೆ ಸ್ಟಡ್ ಇರುವ ಇಟ್ಟಿಗೆ ಸಿಗುತ್ತದಲ್ಲ, ಅದನ್ನು ಘನದ ಬದಿಯಲ್ಲಿ ಹಾಕಿದರೆ ಫಲಕಗಳು ಅಡ್ಡಡ್ಡ ಸಿಕ್ಕಿಕೊಳ್ಳುತ್ತವೆ. ಪ್ರತಿ ಫಲಕಕ್ಕೆ ಹನ್ನೆರಡು ಪ್ಲೇಟ್ ದಪ್ಪ. ಅಗಲ ನಿಮ್ಮ ಲೆಕ್ಕಕ್ಕಿಂತ ಒಂದು ಪ್ಲೇಟಿನಷ್ಟು ಕಡಿಮೆ ಬರುತ್ತದೆ. ಯಾರೂ ಅಳೆಯುವುದಿಲ್ಲ ಬಿಡಿ.

ಇದರ ಬೇರಿನಲ್ಲಿ ಒಂದೇ ಸೂತ್ರ: 5 ಪ್ಲೇಟಿನ ದಪ್ಪ 2 ಸ್ಟಡ್‌ಗೆ ಸಮ. ಎರಡೂ 16 ಮಿಲಿಮೀಟರ್. ಇದನ್ನು ಬಾಯಿಪಾಠ ಮಾಡಿಕೊಂಡರೆ ಪೀಸನ್ನು ಮಗ್ಗುಲಿಗೆ, ತಲೆಕೆಳಗೆ ಹೇಗೆ ಬೇಕಾದರೂ ಕೂರಿಸಬಹುದು.

ಗುಮ್ಮಟದೂರಿನವ

ವಾಹ್! 5 ಇಟ್ಟಿಗೆ, 6 ಸ್ಟಡ್. ಈಗಲೇ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ, ಹೌದು. ಅರ್ಧ ಅಳತೆಯೇ ಸರಿ ಅನ್ನಿಸುತ್ತಿದೆ.

ಇನ್ನೊಂದು ಪ್ರಶ್ನೆ. ಚೌಕದ ಗೋಡೆಯ ಮೇಲೆ ದುಂಡು ಗುಮ್ಮಟ ಕೂರಬೇಕಲ್ಲ? ನಿಜವಾದ ಕಟ್ಟಡದಲ್ಲಿ ಅದನ್ನು ಕಮಾನುಗಳಿಂದ ಸಾಧಿಸಿದ್ದಾರೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿ ಇಟ್ಟ ಹಾಗೆ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತವೆ. ಅವು ಮೇಲೆ ಹೋದಂತೆ ಒಳಕ್ಕೆ ಬಾಗಿ ಎಂಟು ಮೂಲೆ ಮಾಡಿಕೊಡುತ್ತವೆ. ಅದರ ಮೇಲೆ ಗುಮ್ಮಟ. ನಡುವೆ ಒಂದು ಕಂಬ ಇಲ್ಲ. ಒಳಗೆ ನಿಂತು ಕತ್ತೆತ್ತಿದರೆ ಪಿಸುಗುಟ್ಟುವ ಗ್ಯಾಲರಿಗಿಂತ ನನಗೆ ಆ ಕಮಾನುಗಳೇ ಹೆಚ್ಚು ಆಶ್ಚರ್ಯ. ಪ್ರವಾಸಿಗರು ಚಪ್ಪಾಳೆ ತಟ್ಟೋದರಲ್ಲೇ ಇರುತ್ತಾರೆ, ಅದನ್ನು ನೋಡುವವರು ಕಡಿಮೆ.

ಆ ಕಮಾನನ್ನೂ ಮಾಡಬಹುದಾ?

ಯಲ್ಲಾಪುರದಾಕೆ

ಹೊರಗೆ ಮಾತ್ರ ತೋರಿಸುವ ಮಾದರಿಯಾದರೆ ಬೇಡ. ಗುಮ್ಮಟದ ಬುಡದಲ್ಲಿ ಸುತ್ತ ತಾವರೆಯ ದಳ ಇವೆಯಲ್ಲ, ಅವೇ ನಿಮ್ಮನ್ನು ಕಾಪಾಡುತ್ತವೆ. ದುಂಡು ಮತ್ತು ಚೌಕ ಸೇರುವ ಜಾಗ ಯಾವಾಗಲೂ ಒರಟು. ಅಲ್ಲಿ ಅವರೂ ದಳ ಇಟ್ಟು ಮುಚ್ಚಿದರು. ನೀವೂ ಪುಟ್ಟ ಓರೆ ಪೀಸುಗಳನ್ನು ತಲೆಕೆಳಗಾಗಿ ಸುತ್ತ ಹಚ್ಚಿ. ಸಂದು ಕಾಣುವುದಿಲ್ಲ, ದಳವೂ ಆಯಿತು. ಗೋಡೆಯ ತಲೆಯ ಹತ್ತಿರ ಅಗಲವಾದ ಕಲ್ಲಿನ ಸಜ್ಜ ಹೊರಗೆ ಬಂದಿದೆ ನೋಡಿ, ಅದನ್ನು ಮರೆಯಬೇಡಿ. ಅದರ ನೆರಳು ಬೀಳದಿದ್ದರೆ ಗೋಡೆ ಬರೀ ಪೆಟ್ಟಿಗೆ ಥರ ಕಾಣುತ್ತದೆ.

ಒಳಗೂ ಕಟ್ಟುವ ಹಟ ಇದ್ದರೆ ಒಂದು ಗೋಡೆಯನ್ನು ಕಳಚುವ ಹಾಗೆ ಮಾಡಿ. ಆದರೆ ಅರ್ಧ ಅಳತೆಯಲ್ಲಿ ಕಮಾನು ಆಗಲಿಕ್ಕಿಲ್ಲ. ಅದಕ್ಕೆ ನಿಮ್ಮ ಮೊದಲಿನ 48 ಸ್ಟಡ್ ಬೇಕು.

ತುಂಡು ಹೆಕ್ಕುವವ

ಗೋಪುರದ ಮಾತು ಯಾರೂ ಎತ್ತಲಿಲ್ಲ. ಎಂಟು ಮೂಲೆ, ಏಳು ಅಂತಸ್ತು, ನಾಲ್ಕು ಗೋಪುರ. ದೊಡ್ಡ ಅಳತೆಯಲ್ಲಿ ಕಟ್ಟೋದಾದರೆ ಇದು ನೆನಪಿರಲಿ. 7 ಸ್ಟಡ್ ಉದ್ದದ ಗೋಡೆಯನ್ನು 45 ಡಿಗ್ರಿ ತಿರುಗಿಸಿದರೆ ಅದು 4.95 ಸ್ಟಡ್ ಜಾಗ ತುಂಬುತ್ತದೆ. ಅಂದರೆ 5ರ ಚೌಕದಲ್ಲಿ ಕೂರುತ್ತದೆ. ವ್ಯತ್ಯಾಸ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಹಿಂಜ್ ಪ್ಲೇಟ್, ಅಂದರೆ ಕೀಲಿರುವ ಪೀಸ್, ಅಷ್ಟನ್ನು ತಡೆದುಕೊಳ್ಳುತ್ತದೆ. ಬೇರೆ ಓರೆ ಬೇಕಿದ್ದರೆ ಶಾಲೆಯ 3-4-5 ತ್ರಿಕೋನ ಇದ್ದೇ ಇದೆ. ಚೌಕದ ಜಾಲದ ಮೇಲೆ ಓರೆ ಗೋಡೆಯ ಎರಡೂ ತುದಿ ಸ್ಟಡ್ ಮೇಲೇ ಬಂದು ಕೂರಬೇಕಾದರೆ ಇಂಥ ಅಂಕಿಯೇ ಬೇಕು.

ಅರ್ಧ ಅಳತೆಯಲ್ಲಿ ಇಷ್ಟೆಲ್ಲ ಕಷ್ಟ ಬೇಡ. ದುಂಡು ಇಟ್ಟಿಗೆ ಒಂದರ ಮೇಲೊಂದು ಇಡಿ. ದೂರದಿಂದ ಎಂಟು ಮೂಲೆಯೋ ದುಂಡೋ ಗೊತ್ತಾಗುವುದಿಲ್ಲ.

ಗುಮ್ಮಟದೂರಿನವ

ನನಗೆ ಗೊತ್ತಾಗುತ್ತದಲ್ಲ! ನಮ್ಮೂರಿನವರು ಯಾರಾದರೂ ನೋಡಿದರೆ ಮೊದಲು ಕೇಳುವುದೇ ಅದನ್ನ.

ಹಳೇ ಮೆಕ್ಯಾನಿಕ್ಸ್

ಭಾರದ ಚಿಂತೆ ಇದ್ದರೆ ಬಿಡಿ. ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿಯವರು 2012ರಲ್ಲಿ ಎರಡು ಬೈ ಎರಡರ ಇಟ್ಟಿಗೆಯನ್ನು ಯಂತ್ರದಲ್ಲಿಟ್ಟು ಒತ್ತಿದರು. ಸುಮಾರು 4,240 ನ್ಯೂಟನ್ ತಡೆದುಕೊಂಡು ಆಮೇಲೆ ಕುಸಿಯಿತು. ಅಂದರೆ 430 ಕಿಲೋಗೂ ಹೆಚ್ಚು. ನಿಮ್ಮ ಮೇಜು ಮೊದಲು ಮುರಿಯುತ್ತದೆ. ತೊಂದರೆ ಆಗೋದು ಒತ್ತಡದಿಂದಲ್ಲ, ಪಕ್ಕಕ್ಕೆ ವಾಲಿದಾಗ. ಹಾಗಾಗಿ ಗೋಡೆಯ ಮೂಲೆಗಳಲ್ಲಿ ಇಟ್ಟಿಗೆಗಳನ್ನು ಹೆಣೆಯಿರಿ, ಗಾರೆ ಕೆಲಸದವರು ಮಾಡುವಂತೆ. ಒಂದರ ಸಂದಿನ ಮೇಲೆ ಇನ್ನೊಂದರ ಸಂದು ಬರಬಾರದು.

ಬರ್ಲಿನ್ ಕನ್ನಡಿಗ

ತಡವಾಗಿ ಬಂದೆ. ಬಣ್ಣದ ಬಗ್ಗೆ ಹೇಳುತ್ತೇನೆ.

ಗೋಳಗುಮ್ಮಟದ ಕಲ್ಲು ಕಪ್ಪು ಬೂದು, ಮೇಲೆ ಗಾರೆ. ಬಿಸಿಲಲ್ಲಿ ನೋಡಿದಾಗ ಮಾಸಿದ ಗೋಧಿ ಬಣ್ಣ. ಒಂದೇ ಬಣ್ಣದಲ್ಲಿ ಕಟ್ಟಿದರೆ ಪ್ಲಾಸ್ಟಿಕ್ ಅಂತ ಕೂಗಿ ಹೇಳುತ್ತದೆ. ಟ್ಯಾನ್ (ಮರಳಿನ ಬಣ್ಣ) ಹೆಚ್ಚು, ಡಾರ್ಕ್ ಟ್ಯಾನ್ ಸ್ವಲ್ಪ, ನಡುನಡುವೆ ಬೂದು. ಹಳೆಯ ಬೂದು, ಹೊಸ ಬೂದು ಎರಡೂ ಬಳಸಿ. 2004ರ ಆಸುಪಾಸಿನಲ್ಲಿ ಕಂಪನಿ ಬೂದು ಬಣ್ಣಕ್ಕೆ ಸ್ವಲ್ಪ ನೀಲಿ ಛಾಯೆ ತಂದಾಗ ದೊಡ್ಡವರೆಲ್ಲ ಸಿಟ್ಟಾಗಿದ್ದರು, ಹಳೆಯ ಪೀಸಿಗೆ ಹೊಂದುವುದಿಲ್ಲ ಅಂತ. ನಿಮಗೆ ಹೊಂದದಿರುವುದೇ ಬೇಕಾಗಿರೋದು!

ಕಂದು ಬಣ್ಣದ ಹಳೇ ಪೀಸ್ ಕೊಳ್ಳುವಾಗ ಜೋಪಾನ. ಕೆಲವು ವರ್ಷಗಳ ಕಂದು ಮತ್ತು ಕಡುಗೆಂಪು ಪೀಸ್ ಬಿಡಿಸುವಾಗ ಸೀಳುತ್ತವೆ ಅಂತ ಹವ್ಯಾಸಿಗಳಿಗೆಲ್ಲ ಗೊತ್ತು. ಬಿಳಿಯದ್ದು ಬಿಸಿಲಿಗೆ ಹಳದಿಯಾಗುತ್ತದೆ. ನಿಮ್ಮ ಊರಿನ ಬಿಸಿಲಲ್ಲಿ ಕಿಟಕಿ ಪಕ್ಕ ಮಾತ್ರ ಇಡಬೇಡಿ.

ಇಲ್ಲಿ ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ತೂಕಕ್ಕೆ ಸಿಗುತ್ತದೆ. ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇನೆ. ಟ್ಯಾನ್ ಪ್ಲೇಟ್ ಬೇಕಿದ್ದರೆ ಪಟ್ಟಿ ಕಳಿಸಿ. ಸೂಟ್‌ಕೇಸಿನಲ್ಲಿ ಅಮ್ಮನ ಚಾಕೊಲೇಟ್ ಪಕ್ಕ ಜಾಗ ಮಾಡುತ್ತೇನೆ.

ಪ್ಲೇಟ್‌ಪ್ರಿಯ

ತಾಜ್ ಮಹಲ್ ಡಬ್ಬಿ 2008ರಲ್ಲಿ ಬಂದಾಗ 5,922 ಪೀಸ್ ಇತ್ತು. 2017ರಲ್ಲಿ ಸ್ಟಾರ್ ವಾರ್ಸ್ ಸಿನಿಮಾದ ನೌಕೆ ಮಿಲೇನಿಯಂ ಫಾಲ್ಕನ್ ಡಬ್ಬಿ ಬರುವವರೆಗೂ ಪೀಸ್ ಲೆಕ್ಕದಲ್ಲಿ ಅದನ್ನು ಯಾವುದೂ ಮೀರಿಸಿರಲಿಲ್ಲ. ಉತ್ತರದ ಗುಮ್ಮಟಕ್ಕೆ ಅಷ್ಟು ಮರ್ಯಾದೆ. ನಮ್ಮದು ಅದಕ್ಕಿಂತ ದೊಡ್ಡ ಗುಮ್ಮಟ, ಕೇಳುವವರಿಲ್ಲ. ಸರ್, ಮುಗಿಸಿದ ಮೇಲೆ ಲೆಗೊ ಐಡಿಯಾಸ್‌ಗೆ, ಅಂದರೆ ಹವ್ಯಾಸಿಗಳ ವಿನ್ಯಾಸ ತೆಗೆದುಕೊಳ್ಳುವ ಕಂಪನಿಯ ಜಾಲತಾಣಕ್ಕೆ, ಹಾಕಿ. 10,000 ಜನ ಬೆಂಬಲಿಸಿದರೆ ಕಂಪನಿ ಪರಿಶೀಲನೆಗೆ ತೆಗೆದುಕೊಳ್ಳುತ್ತದೆ.

ತುಂಡು ಹೆಕ್ಕುವವ

ಹತ್ತು ಸಾವಿರ ದಾಟಿದ ಮೇಲೂ ಹೆಚ್ಚಿನವು ತಿರಸ್ಕಾರ ಆಗುತ್ತವೆ. ಆಸೆ ಹುಟ್ಟಿಸಬೇಡಿ. ಮೊದಲು ಒಂದು ಗೋಪುರ ನಿಲ್ಲಲಿ.

ಯಲ್ಲಾಪುರದಾಕೆ

ಕಂಪನಿಗೆ ಯಾಕೆ ಕೊಡಬೇಕು? ನಕ್ಷೆಯ ಫೈಲನ್ನು ಇಲ್ಲೇ ಹಾಕಿ. ಬೇಕಾದವರು ಅವರವರ ಡಬ್ಬಿಯಲ್ಲಿ ಇರುವುದರಲ್ಲಿ ಕಟ್ಟಿಕೊಳ್ಳಲಿ. ಬಣ್ಣ ಕಲಸುಮೇಲೋಗರ ಆದರೂ ಚಿಂತೆಯಿಲ್ಲ. ನಾನಂತೂ ಹಸಿರು ಗುಮ್ಮಟ ಕಟ್ಟೋಳೇ, ಹಸಿರು ಪ್ಲೇಟ್ ರಾಶಿ ಬಿದ್ದಿದೆ.

ಸುಮ್ನೆ ಓದೋನು

ಹಸಿರು ಗೋಳಗುಮ್ಮಟ! ಇದನ್ನೆಲ್ಲ ಓದಿದ ಮೇಲೂ ನನಗೆ ಥರ್ಮಾಕೋಲೇ ವಾಸಿ ಅನ್ನಿಸುತ್ತಿದೆ. ಆದರೆ ಒಂದು ಪ್ರಶ್ನೆ. ಧೂಳು ಕೂತರೆ ಏನು ಮಾಡುತ್ತೀರಿ? ಅಷ್ಟೂ ಗುಂಡಿಗಳ ಮಧ್ಯೆ?

ಹಳೇ ಮೆಕ್ಯಾನಿಕ್ಸ್

ಬಣ್ಣ ಹಚ್ಚುವ ಮೆತ್ತನೆಯ ಬ್ರಷ್. ಮೇಲಿನಿಂದ ಕೆಳಕ್ಕೆ. ತೀರಾ ಕೊಳೆಯಾದರೆ ಬಿಡಿಸಿ ಉಗುರು ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ, ನೆರಳಲ್ಲಿ ಆರಿಸಿ. ಕುದಿಯುವ ನೀರು, ವಾಷಿಂಗ್ ಮೆಷಿನ್ ಎರಡೂ ಬೇಡ. ಮೋಟಾರು, ಸ್ಟಿಕ್ಕರ್ ಇರುವ ಪೀಸನ್ನು ನೀರಿಗೆ ಹಾಕಲೇಬೇಡಿ.

ಗುಮ್ಮಟದೂರಿನವ

ಎಲ್ಲರಿಗೂ ಧನ್ಯವಾದ. ತೀರ್ಮಾನ ಹೀಗೆ. ಮೊದಲು ಅರ್ಧ ಅಳತೆಯ ಗುಮ್ಮಟ ಮಾತ್ರ, ಘನ ಮತ್ತು ಐದು ಫಲಕ. ಅದು ಗುಂಡಗೆ ಬಂದರೆ ಗೋಡೆ. ಗೋಪುರಕ್ಕೆ ಎಂಟು ಮೂಲೆಯನ್ನೇ ಮಾಡುತ್ತೇನೆ, ಸಣ್ಣ ಅಳತೆಯಲ್ಲಿ ಹೇಗೆ ಅಂತ ಸ್ಟುಡಿಯೋದಲ್ಲಿ ತಡಕಾಡುತ್ತಿದ್ದೇನೆ. ಕಮಾನಿನ ಒಳಭಾಗ ದೊಡ್ಡ ಅಳತೆಗೆ ಬಿಟ್ಟಿದ್ದೇನೆ, ಅದು ಯಾವಾಗಲೋ.

ಬರ್ಲಿನ್ ಅಣ್ಣ, ಪಟ್ಟಿ ಕಳಿಸಿದ್ದೇನೆ. ಒಂದು ಬೈ ಎರಡರ ಟ್ಯಾನ್ ಪ್ಲೇಟ್ ಎಷ್ಟಿದ್ದರೂ ತನ್ನಿ. ಪಕ್ಕಕ್ಕೆ ಸ್ಟಡ್ ಇರುವ ಒಂದು ಬೈ ನಾಲ್ಕರ ಇಟ್ಟಿಗೆ ಇಲ್ಲಿ ಯಾರ ಹತ್ತಿರವಾದರೂ ಹೆಚ್ಚಿಗೆ ಇದೆಯಾ? ಯಾವ ಬಣ್ಣವಾದರೂ ಸರಿ, ಒಳಗೆ ಹೋಗುವುದು. ಬದಲಿಗೆ ಕೆಂಪು, ನೀಲಿ ಎರಡು ಬೈ ನಾಲ್ಕರ ಇಟ್ಟಿಗೆ ಬೇಕಾದಷ್ಟು ಕೊಡುತ್ತೇನೆ.

ತುಂಡು ಹೆಕ್ಕುವವ

ನನ್ನ ಹತ್ತಿರ ಹಳದಿಯಲ್ಲಿ ಒಂದಿಷ್ಟಿವೆ. ಹುಬ್ಬಳ್ಳಿಯಲ್ಲಿದ್ದೇನೆ, ಬಸ್ಸಿಗೆ ಹಾಕಿ ಕಳಿಸುತ್ತೇನೆ. ಕೆಂಪು ಬೇಡ, ನೀಲಿ ಇದ್ದರೆ ಕೊಡಿ. ವಿಳಾಸ ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶ ಮಾಡಿ.